ಕಾಡುಪಾಪ ಬ್ಯಾಂಡಿನ ಸ್ವಂತ ಹಾಡು

ಶಶಿಧರನಿಗೆ ಸಾಕಾಗಿಹೋಗಿತ್ತು. ಪೊನ್ನಂಪೇಟೆಯ ಮದುವೆ ಮಂಟಪದ ಅಂಗಳದಲ್ಲಿ, ಹಲಗೆ ಜೋಡಿಸಿದ ಪುಟ್ಟ ವೇದಿಕೆಯ ಮೇಲೆ ಕೂತು ಗಿಟಾರಿನ ತಂತಿ ಬಿಗಿಸುತ್ತಾ ಪಕ್ಕದಲ್ಲಿದ್ದ ಲೋಹಿತನಿಗೆ ಹೇಳಿದ: “ಇವತ್ತಿಗೆ ಮುಗೀತು ಮಾರಾಯ. ನಮ್ಮದೊಂದು ಹಾಡನ್ನ ನಮ್ಮೂರಿನ ಜನರ ಎದುರು ಪೂರ್ತಿ ಹಾಡ್ತೇನೆ. ಆಮೇಲೆ ಇದು ಅಟ್ಟಕ್ಕೆ.”

ಬೇಸ್ ಗಿಟಾರಿನ ಲೋಹಿತ್ ಕುಶಾಲನಗರದ ಕಡೆಯವನು. “ಹೋದ ವರ್ಷಾನೂ ಹಿಂಗೇ ಅಂದಿದ್ದೆ ಕಣೋ,” ಎಂದ. ನಗಲೂ ಅವನಿಗೆ ಬೇಜಾರು.

ಕಾಡುಪಾಪ ಎಂಬ ರಾಕ್ ಬ್ಯಾಂಡಿನ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ನಾಚಿಕೆಪಡಬೇಡಿ, ಯಾರೂ ಕೇಳಿಲ್ಲ. ಶಶಿಧರ, ಲೋಹಿತ್, ಡ್ರಮ್ಸಿಗೆ ಬಾಳೆಲೆ ಊರಿನ ಉತ್ತಯ್ಯ, ಈ ಮೂವರು ಮೀಸೆ ಮೂಡುವ ಕಾಲಕ್ಕೆ ಕಟ್ಟಿಕೊಂಡ ಬ್ಯಾಂಡು ಅದು. ಬೆಂಗಳೂರಿನವರೆಲ್ಲ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದಾಗ ಇವರು ಕನ್ನಡದಲ್ಲಿ ಹಾಡಿದರು, ಜನ ನಕ್ಕರು. ಕನ್ನಡದ ರಾಕ್ ಫ್ಯಾಷನ್ ಆಗುವ ಹೊತ್ತಿಗೆ ಇವರ ತಲೆ ನೆರೆತಿತ್ತು, ಹೆಸರು ಬೇರೆಯವರಿಗೆ ಬಂತು. ಎರಡು ಸಿ.ಡಿ. ತಂದರು. ವಿರಾಜಪೇಟೆಯ ಕ್ಯಾಸೆಟ್ ಅಂಗಡಿಯವನು ಅವನ್ನು ಭಕ್ತಿಗೀತೆಗಳ ಹಿಂದೆ ತುರುಕಿಟ್ಟ. ಆಮೇಲೆ ಆ ಅಂಗಡಿಯೇ ಮೊಬೈಲ್ ಅಂಗಡಿಯಾಯಿತು. ದೊಡ್ಡ ಕಾರ್ಯಕ್ರಮಗಳಿಗೂ ಕರೆದದ್ದುಂಟು, ದೊಡ್ಡವರು ಬರುವ ಮುಂಚೆ ಮೈಕು ಸರಿಯಿದೆಯೇ ಎಂದು ನೋಡಲಿಕ್ಕೆ.

ಊರಿನಲ್ಲಿ ಮಾತ್ರ ಅವರು ಕೈಯಾರೆ ಕೆಡಿಸಿಕೊಂಡರು. ವಿರಾಜಪೇಟೆಯ ಒಂದು ಮದುವೆಗೆ ವಾಲಗದವರು ಬರುವುದು ತಡವಾಗಿತ್ತು. ಉತ್ತಯ್ಯ ತಮಾಷೆಗೆಂದು ಡ್ರಮ್ಸಿನಲ್ಲಿ ವಾಲಗದ ಪೆಟ್ಟು ಹಾಕಿದ. ಶಶಿಧರ ಅದರ ರಾಗವನ್ನು ಗಿಟಾರಿನಲ್ಲಿ ಎಳೆದ. ಕೊಡವರ ಮದುವೆಯಲ್ಲಿ ವಾಲಗ ಕಿವಿಗೆ ಬಿದ್ದರೆ ಕಾಲು ಸುಮ್ಮನಿರುತ್ತದೆಯೇ? ಮಂಡಿನೋವಿನ ಅಜ್ಜಿಯರೂ ಎದ್ದು ಕುಣಿದರು. ಅಲ್ಲಿಗೆ ಕಾಡುಪಾಪದ ಕಥೆ ಮುಗಿಯಿತು. ಅಂದಿನಿಂದ ಎಲ್ಲಿ ಹೋದರೂ ವಾಲಗವೇ ಬೇಕು. ಸ್ವಂತ ಹಾಡು ಶುರು ಮಾಡಿದರೆ ಎರಡನೇ ಸಾಲಿಗೆ ಜನ ಊಟದ ಕಡೆ ಹೊರಡುವರು, ಉಳಿದವರು ‘ವಾಲಗ ಹಾಕಿ’ ಎಂದು ಕೂಗುವರು.

ಇವತ್ತು ಹಾಗಾಗಬಾರದಿತ್ತು, ಯಾಕೆಂದರೆ ಇದು ಉತ್ತಯ್ಯನ ಮಗಳು ಕವನಾಳ ಮದುವೆ. “ಗಂಗಾಪೂಜೆ ಆದ ಮೇಲೆ ನಮ್ದೇ ಹಾಡು. ನನ್ನ ಮಗಳ ಮದುವೇಲಿ ಯಾರು ಬೇಡ ಅಂತಾರೆ ನೋಡುವ!” ಎಂದು ಉತ್ತಯ್ಯ ಎದೆ ತಟ್ಟಿಕೊಂಡಿದ್ದ.

ಆ ಗಂಗಾಪೂಜೆಯೇ ಮುಗಿಯುತ್ತಿರಲಿಲ್ಲ. ಮದುಮಗಳು ಬಾವಿಗೆ ಪೂಜೆ ಮಾಡಿ, ತುಂಬಿದ ಬಿಂದಿಗೆ ತಲೆಯ ಮೇಲಿಟ್ಟುಕೊಂಡು ಒಳಗೆ ಬರಬೇಕು. ವರನ ಕಡೆಯವರು ಅವಳ ಮುಂದೆ ಕುಣಿಯುತ್ತಾ ದಾರಿ ಕಟ್ಟಬೇಕು. ಅದು ಪದ್ಧತಿ, ಅವಳ ತಾಳ್ಮೆಗೊಂದು ಪರೀಕ್ಷೆ. ಆದರೆ ಈ ವರನ ನೆಂಟರಿಗೆ ಮನೆಮಠದ ನೆನಪೇ ಇದ್ದಂತಿರಲಿಲ್ಲ. ಮಧ್ಯಾಹ್ನ ಇಳಿದು ಸಂಜೆಯಾದರೂ ಕುಣಿತ ನಿಲ್ಲಲಿಲ್ಲ. ಕೊನೆಗೆ ವಾಲಗದವರೇ ಸುಸ್ತಾಗಿ ಕಾಫಿ ಕುಡಿಯಲು ಹೋದರು. ಈಗಲಾದರೂ ಬಿಟ್ಟರೇ?

“ಓ ಶಶೀ! ನಿಮ್ಮ ವಾಲಗ ಹಾಕಿ ಮಾರಾಯ್ರೆ!” ವರನ ದೊಡ್ಡಪ್ಪ ಬೆವರು ಒರೆಸಿಕೊಳ್ಳುತ್ತಾ ಕೂಗಿದ.

ಹಾಕಿದರು. ಹಾಕದೆ ಇರಲು ಆಗುತ್ತದೆಯೇ, ಬೀಗರ ಮಾತು. ಉತ್ತಯ್ಯ ಮದುವೆಗೆಂದು ತೊಟ್ಟ ಉದ್ದಂಗಿ, ಆ ಕುಪ್ಯಚೇಲೆಯಲ್ಲೇ ಬಂದು ಡ್ರಮ್ಸಿನ ಹಿಂದೆ ಕೂತ. ಸೊಂಟದ ಪೀಚೆಕತ್ತಿ ಹೊಟ್ಟೆಗೆ ಚುಚ್ಚುತ್ತಿತ್ತು, ಅದನ್ನು ಪಕ್ಕಕ್ಕೆ ತಳ್ಳಿ ಬಾರಿಸಿದ. ಕುಣಿತ ಇನ್ನೂ ಜೋರಾಯಿತು. ವೇದಿಕೆಯ ಪಕ್ಕಕ್ಕೇ ಬಂದು ಸಿಕ್ಕಿಬಿದ್ದಿದ್ದ ಕವನಾಳ ಕುತ್ತಿಗೆಯ ನರ ಬಿಗಿದು ನಿಂತದ್ದು ಶಶಿಧರನಿಗೆ ಕಾಣಿಸುತ್ತಿತ್ತು. ತನ್ನ ಬೆರಳುಗಳ ಮೇಲೆಯೇ ಅವನಿಗೆ ಅಸಹ್ಯವಾಯಿತು.

ಉತ್ತಯ್ಯನ ಹೆಂಡತಿ ಬೋಜಮ್ಮ ವೇದಿಕೆಯ ಬಳಿ ಬಂದು ಹಲ್ಲು ಕಚ್ಚಿ ಹೇಳಿದಳು. “ಮಗಳ ಕುತ್ತಿಗೆ ಮುರಿದು ಹೋಗ್ತದೆ. ನೀವೇ ಬಾರಿಸ್ತಾ ಕೂತಿದ್ದೀರಲ್ಲ, ನಾಚಿಕೆ ಆಗೋದಿಲ್ವಾ?”

ಆಗ ಕವನಾ, ತಲೆ ಅಲುಗಿಸದೆ, ಕಣ್ಣು ಮಾತ್ರ ಹೊರಳಿಸಿ ಕರೆದಳು. “ಶಶಿ ಅಂಕಲ್, ನಿಮ್ಮ ‘ಕೊನೇ ಬಸ್ಸು’ ಹಾಡಿ. ಎಲ್ಲರೂ ಬಿಟ್ಟು ಹೋಗ್ತಾರೆ. ಪ್ಲೀಸ್ ಅಂಕಲ್, ಆಗೋದಿಲ್ಲ ನಂಗೆ.”

ಶಶಿಧರನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಇಡೀ ಬದುಕು ಹಾಕಿ ಕಟ್ಟಿದ ಹಾಡು ಜನರನ್ನು ಓಡಿಸುವುದಕ್ಕೆ ಒದಗಿತಲ್ಲ! ಬೇರೆ ಯಾರಾದರೂ ಅಂದಿದ್ದರೆ ಗಿಟಾರ್ ಕೆಳಗಿಟ್ಟು ನಡೆದುಬಿಡುತ್ತಿದ್ದ. ಇದು ತಾನು ಎತ್ತಿ ಆಡಿಸಿದ ಮಗು. ಹಿಂದೆ ತಿರುಗಿ ನೋಡಿದ. ಉತ್ತಯ್ಯ ತಲೆ ತಗ್ಗಿಸಿಕೊಂಡಿದ್ದ.

“ಹಾಡು ಮಾರಾಯ,” ಎಂದ ಉತ್ತಯ್ಯ. “ಅವಳು ಹೇಳಿದ್ದು ಸುಳ್ಳಲ್ಲ.”

ಹಾಡಿದ.

*ಕೊನೇ ಬಸ್ಸು ಹೋಯ್ತು, ಕೈ ಎತ್ತಿದ್ದೆ ನಾನು,*
*ಕಂಡಕ್ಟರು ಬೇರೆ ಕಡೆ ನೋಡಿದ...*

ಎರಡನೇ ಸಾಲಿಗೇ ಕುಣಿತ ಸಡಿಲಾಯಿತು. ವರನ ದೊಡ್ಡಪ್ಪ ಎತ್ತಿದ ಕೈಯನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ತಲೆ ಕೆರೆದುಕೊಂಡ. ಯಾರೋ “ಇದೆಂಥದು!” ಅಂದರು. ಹುಡುಗರು ಮೊಬೈಲ್ ತೆಗೆದರು, ಹೆಂಗಸರಿಗೆ ಊಟದ ಪಂದಿಕರಿಯ ನೆನಪಾಯಿತು. ಹಾಡು ಮೊದಲ ಚರಣ ದಾಟುವಷ್ಟರಲ್ಲಿ ಅಂಗಳ ಬರಿದಾಯಿತು. ಮದುಮಗಳ ಮುಂದೆ ಬಾಗಿಲಿನವರೆಗೂ ದಾರಿ ಖಾಲಿ ಬಿದ್ದಿತ್ತು.

“ಬಾ ಮಗಳೇ, ಬೇಗ ಬಾ!” ಬೋಜಮ್ಮ ಬಾಗಿಲಿನಿಂದ ಕರೆದಳು.

ಕವನಾ ಕದಲಲಿಲ್ಲ. ಕಾಲು ಮರಗಟ್ಟಿರಬೇಕು ಎಂದುಕೊಂಡ ಶಶಿಧರ. ಎರಡನೇ ಚರಣವೂ ಮುಗಿಯಿತು. ನಿಲ್ಲಿಸಿ ಎನ್ನುವವರು ಯಾರೂ ಉಳಿದಿರಲಿಲ್ಲ. ಇನ್ನು ಮೂರನೆಯದು, ಅದೇ ಕೊನೆಯದು. ಬಾಯಿ ತೆರೆದ.

ಸಾಲು ಬರಲಿಲ್ಲ.

ಬರಲೇ ಇಲ್ಲ. ಅಲ್ಲಿಯವರೆಗೆ ಯಾರಾದರೂ ಹೋಗಲು ಬಿಟ್ಟಿದ್ದರೆ ತಾನೇ! ಯಾವ ವೇದಿಕೆಯಲ್ಲೂ ಬೇಕಾಗದೆ ಬೇಕಾಗದೆ ಆ ಚರಣ ಅವನನ್ನೇ ಬಿಟ್ಟು ಹೋಗಿತ್ತು. ಲೋಹಿತನ ಕಡೆ ನೋಡಿದ, ಅವನಿಗೂ ಗೊತ್ತಿಲ್ಲ. ಉತ್ತಯ್ಯ ಅದೇ ಪೆಟ್ಟನ್ನು ಸುತ್ತಿ ಸುತ್ತಿ ಹಾಕುತ್ತಿದ್ದ. ಶಶಿಧರನಿಗೆ ಅಳು ಬಂತು. ಕೊನೆಗೂ ಸಮಯ ಸಿಕ್ಕಾಗ ತನ್ನ ಹಾಡು ತನ್ನಲ್ಲೇ ಇಲ್ಲ.

ಆಗ ವೇದಿಕೆಯ ಪಕ್ಕದಿಂದ ಒಡೆದ ಗಂಟಲೊಂದು ಆ ಚರಣವನ್ನು ಎತ್ತಿಕೊಂಡಿತು. ಶ್ರುತಿ ಅಷ್ಟಕ್ಕಷ್ಟೆ.

*ನಡೆದೇ ಬಂದೆ ಮನೆಗೆ, ಚಪ್ಪಲಿ ಕೈಯಲ್ಲಿ,*
*ನಾಯಿ ಬೊಗಳಲಿಲ್ಲ, ಗುರುತು ಹಿಡಿಯಿತು.*
*ಒಲೆ ಆರಿರಲಿಲ್ಲ, ಅನ್ನ ಮುಚ್ಚಿತ್ತು,*
*ಯಾರೋ ಎದ್ದೇ ಇದ್ದರು ನನಗಾಗಿ.*

ಕವನಾ ಬಿಂದಿಗೆ ಹೊತ್ತು ನೆಟ್ಟಗೆ ನಿಂತೇ ಹಾಡುತ್ತಿದ್ದಳು. ತಲೆ ಅಲ್ಲಾಡಿಸುವ ಹಾಗಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಅವಳು ಚಿಕ್ಕವಳಿದ್ದಾಗ, ಇವರು ಅಭ್ಯಾಸ ಮಾಡುತ್ತಿದ್ದ ಗೋಡೌನಿನಲ್ಲಿ, ಕಾಫಿ ಮೂಟೆಗಳ ಮೇಲೆ ಅವಳನ್ನು ಮಲಗಿಸುತ್ತಿದ್ದರು. ಮಗು ನಿದ್ದೆ ಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು.

“ಒಳಗೆ ಬಾರೇ, ಸಾಕು!” ಎಂದು ಬೋಜಮ್ಮ ಮತ್ತೆ ಕೂಗಿದಳು.

“ಇರಮ್ಮಾ, ಮುಗೀಲಿ,” ಎಂದಳು ಕವನಾ. ಬಿಂದಿಗೆಯ ನೀರು ತುಳುಕಿ ಅವಳ ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಅದೇ ಚರಣವನ್ನು ಮತ್ತೊಮ್ಮೆ ಎತ್ತಿಕೊಂಡಳು.

ಈಗ ಶಶಿಧರನಿಗೆ ಸಾಲುಗಳು ಗೊತ್ತಿದ್ದವು. ಆದರೂ ಅವನು ಹಾಡಲಿಲ್ಲ. ಕಣ್ಣೀರು ಇಳಿಯುತ್ತಿದ್ದ ಹಾಗೇ ಗಿಟಾರ್ ಮೀಟುತ್ತಾ ಕೊನೆಯ ಸಾಲಿನವರೆಗೂ ಕೇಳಿಸಿಕೊಂಡ.