ಇನ್ನೂ ಸ್ವಲ್ಪ ನನ್ನ ದನಿ

ಧೂಳು ಸುಟ್ಟ ವಾಸನೆ, ಈ ದೀಪಗಳನ್ನು ಹೊತ್ತಿಸಿ ಯಾವ ಕಾಲವಾಗಿತ್ತೋ, ಹಳದಿಯದಂತೂ ನೇರ ಕಣ್ಣಿಗೇ ಗುರಿಯಿಟ್ಟಿದೆ, ರೆಪ್ಪೆ ಮುಚ್ಚಿದರೂ ಒಳಗೆಲ್ಲ ನಿಂಬೆ ಬಣ್ಣ, ತೆರೆದರೆ ಎದುರಿಗೆ ಯಾರೂ ಇಲ್ಲದ ಸಾಲುಗಳು, ಸಂಜೆಗೆ ತುಂಬುತ್ತವಂತೆ, ತುಂಬಲಿ, ಮೈಕಿನ ಜಾಲರಿಗೆ ಯಾರದೋ ತುಟಿಬಣ್ಣ ಮೆತ್ತಿಕೊಂಡಿದೆ, ಸೆರಗಿನ ತುದಿಯಲ್ಲಿ ಒರೆಸಿದರೆ ಗರಗರ ಸದ್ದು ಹೊರಗಿನ ದೊಡ್ಡ ಸ್ಪೀಕರುಗಳಲ್ಲಿ ಹೊರಟು ಹಿಂದಿನ ಗೋಡೆಗೆ ಬಡಿದು ತಡವಾಗಿ ವಾಪಸ್ಸು ಬರುತ್ತದೆ, ಹಳೆಯ ಸಭಾಂಗಣಗಳ ಚಾಳಿಯೇ ಇದು, ಹಾಡಿದ್ದನ್ನು ಹಾಡಿದವರಿಗೆ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಕಾಲ ಬಳಿ ಈ ಕಪ್ಪು ಪೆಟ್ಟಿಗೆ, ಓರೆಯಾಗಿ ಕೂತು ಮುಖ ಎತ್ತಿ ನೋಡುವ ಮಾನಿಟರು, ಜನರಿಗಲ್ಲ, ಅವಳೊಬ್ಬಳಿಗೆ, ಅವಳು ಏನು ಕೇಳಿಸಿಕೊಂಡು ಹಾಡಬೇಕೋ ಅದನ್ನಷ್ಟೇ ಹೇಳುವ ಪೆಟ್ಟಿಗೆ — ಮೇಡಂ, ನಿಮ್ಮ ಮಾನಿಟರಲ್ಲಿ ಏನೇನು ಬೇಕು ಹೇಳಿ, ಅನ್ನುತ್ತಿದ್ದಾಳೆ ಪಕ್ಕದ ಪರದೆಯ ಹಿಂದೆ ದನಿಗಳನ್ನು ಹದಮಾಡುವ ಮಿಕ್ಸರ್ ಮುಂದೆ ಕೂತ ಹೆಂಗಸು, ಬೂದು ಸ್ವೆಟರು, ಕನ್ನಡಕ ತಲೆಯ ಮೇಲೆ, ಪಾಪ ಒಳ್ಳೆಯವಳ ಹಾಗೆ ಕಾಣುತ್ತಾಳೆ, ಆದರೆ ಎಂಥ ಪ್ರಶ್ನೆ ಕೇಳಿಬಿಟ್ಟಳು, ಏನೇನು ಬೇಕು, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಆ ಜಾಗದಲ್ಲಿ ಅವನು ಇರುತ್ತಿದ್ದ, ಅವಳ ಗಂಡ, ಈಗ ಗಂಡನಲ್ಲದವನು, ಅವನಿಗೆ ಗೊತ್ತಿರುತ್ತಿತ್ತು, ಅವಳು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡುವುದರೊಳಗೆ ಪೆಟ್ಟಿಗೆಯಲ್ಲಿ ಎಲ್ಲ ಹದವಾಗಿ ಕಲಸಿ ತಯಾರಾಗಿರುತ್ತಿತ್ತು, ಕೀಬೋರ್ಡು ಇಷ್ಟು, ಬೇಸ್ ಗಿಟಾರು ಅಷ್ಟು, ಡ್ರಮ್ಸು ಬೇಡವೇ ಬೇಡ, ಅದು ಹೇಗೂ ಬೆನ್ನಿಗೇ ಗುದ್ದುತ್ತಿರುತ್ತದೆ, ಕೊನೆಗೆ ಅವಳ ದನಿ, ಅದೊಂದು ಮಾತ್ರ ಯಾವಾಗಲೂ ಒಂದು ಕೂದಲೆಳೆ ಕಡಿಮೆ, ಆಗ ಅವಳು ಎರಡನೇ ಸಾಲು ಹಾಡುತ್ತಲೇ ಗಂಟಲು ಮುಟ್ಟಿ ಹೆಬ್ಬೆರಳು ಮೇಲಕ್ಕೆತ್ತುವಳು, ನನ್ನ ದನಿ ಇನ್ನೂ ಸ್ವಲ್ಪ, ಅವನು ಪರದೆಯ ಹಿಂದಿನಿಂದಲೇ ಗುಂಡಿ ಹಿಡಿದು ತಲೆಯಾಡಿಸುವನು, ಆಯ್ತು, ಏರಿಸಿದೆ, ಅವಳಿಗೆ ಹಾಯೆನಿಸುವುದು, ಹಾಂ, ಈಗ ಸರಿಹೋಯ್ತು.

ನನ್ನ ದನಿ ಸ್ವಲ್ಪ ಜಾಸ್ತಿ ಕೊಡಿ ಅಕ್ಕಾ, ಅನ್ನುತ್ತಾಳೆ, ಸ್ವೆಟರಿನವಳು ಕನ್ನಡಕ ಇಳಿಸಿ ಗುಂಡಿ ತಿರುಗಿಸುತ್ತಾಳೆ, ನಿಜವಾಗಿ ತಿರುಗಿಸುತ್ತಾಳೆ, ದನಿ ಮೇಲೇಳುತ್ತದೆ, ಕಾಲ ಬಳಿಯಿಂದ ಎದ್ದು ಮುಖಕ್ಕೇ ಬರುತ್ತದೆ, ಉಸಿರೆಳೆದದ್ದು, ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟದ್ದು, ಎಲ್ಲ, ಈಗ ಒಬ್ಬಳೇ ಇರುವ ಹೊಸ ಮನೆಯ ಬಾತ್‌ರೂಮಿನಲ್ಲಿ ಕೊಳಾಯಿ ತೊಟ್ಟಿಕ್ಕಿದಷ್ಟು ಸ್ಪಷ್ಟ, ಮತ್ತು ವಿಚಿತ್ರ ಏನೆಂದರೆ ಗಂಟಲು ತಾನಾಗಿ ಹಿಂದೆ ಸರಿಯುತ್ತದೆ, ಹೆದರಿದ ಬೆಕ್ಕು ಮಂಚದ ಕೆಳಗೆ ಸರಿದ ಹಾಗೆ, ಮೇಲಿನ ಸ್ವರಕ್ಕೆ ಹೋಗುವಾಗ ಅರ್ಧದಲ್ಲೇ ಅಳ್ಳಾಡುತ್ತದೆ, ಇನ್ನೂ ಸ್ವಲ್ಪ ಕೊಡಿ, ಕೊಟ್ಟಳು, ಇನ್ನೂ ಸಣ್ಣದಾಯಿತು ಹಾಡು, ಇನ್ನೂ, ಮೇಡಂ ಆಗಲೇ ಬಹಳ ಇದೆ, ಪರವಾಗಿಲ್ಲ ಕೊಡಿ ಅಕ್ಕಾ ನನಗೇ ಕೇಳಿಸ್ತಿಲ್ಲ, ಸುಳ್ಳು, ಕೇಳಿಸುತ್ತಿದೆ, ಬೇಕಾದ್ದಕ್ಕಿಂತ ಹೆಚ್ಚು, ಆದರೆ ಹಾಯೆನಿಸುವುದು ಬರುತ್ತಿಲ್ಲ, ಆ ಹಾಯೆನಿಸುವುದನ್ನು ಹೇಗೆ ಕೇಳುವುದು, ಅದಕ್ಕೊಂದು ಗುಂಡಿ ಇದೆಯೆ — ಕೀಈಈ ಎಂದು ಪೆಟ್ಟಿಗೆ ಕಿರುಚಿಬಿಟ್ಟಿತು, ಮೈಕಿನ ದನಿ ಪೆಟ್ಟಿಗೆಗೆ, ಪೆಟ್ಟಿಗೆಯದು ಮತ್ತೆ ಮೈಕಿಗೆ, ತನ್ನ ಬಾಲ ತಾನೇ ನುಂಗುವ ಹಾವು, ಎಲ್ಲರೂ ಕಿವಿ ಮುಚ್ಚಿಕೊಂಡರು, ಬೆನ್ನ ಹಿಂದೆ ಡ್ರಮ್ಸಿನವನು ಕಡ್ಡಿಗಳನ್ನು ತೊಡೆಯ ಮೇಲಿಟ್ಟ ಸದ್ದು, ಅವನನ್ನು ಎಲ್ಲರೂ ಗಡಿಯಾರ ಅನ್ನುತ್ತಾರೆ, ತಾಳ ತಪ್ಪುವುದಿಲ್ಲ, ಬಾಯಿ ಮಾತ್ರ ಯಾವಾಗ ಬಡಿಯುತ್ತದೋ ಹೇಳಲಾಗದು, ಏನಮ್ಮಾ ತಾಯಿ, ಸಂಜೆ ಜನಕ್ಕೆ ಹಾಡು ಕೇಳಿಸ್ಬೇಕೋ ಕಿವೀಲಿ ರಕ್ತ ಬರಿಸ್ಬೇಕೋ, ಕೀಬೋರ್ಡಿನವನು ಕಿಸಕ್ಕೆಂದ, ನೀನು ನಗಬೇಡ, ನಿನ್ನ ಬೆರಳಿಗಿಂತ ನನ್ನ ಬೆಕ್ಕಿನ ಬಾಲ ಚೆನ್ನಾಗಿ ನುಡಿಸುತ್ತೆ, ಎಂದು ಅವನಿಗೂ ಒಂದು ಕೊಟ್ಟು ಗಡಿಯಾರ ಅವಳ ಕಡೆ ತಿರುಗಿ, ದನಿ ತಗ್ಗಿಸಿ, ಅಷ್ಟೊಂದು ಏರಿಸ್ಕೊಂಡು ನೀನು ಯಾವತ್ತು ಹಾಡಿದ್ದೆ ಹೇಳು, ಅಂದ. ಯಾಕೆ, ಅವನು ಏರಿಸ್ತಿರಲಿಲ್ವಾ, ಪ್ರತಿ ಸಲ ಕೇಳ್ತಿದ್ದೆ, ಪ್ರತಿ ಸಲ ಏರಿಸ್ತಿದ್ದ. ಎಲ್ಲಿ ಏರಿಸ್ತಿದ್ದ? ಗುಂಡಿ ಮೇಲೆ ಎರಡು ಬೆರಳು ಇಡ್ತಿದ್ದ, ತಲೆ ಆಡಿಸ್ತಿದ್ದ, ಅಷ್ಟೇ, ಒಂದು ದಿನಾನೂ ತಿರುಗಿಸಿದ್ದು ನಾನು ನೋಡಿಲ್ಲ, ನಿನ್ನ ದನಿ ನಿನಗೇ ಜಾಸ್ತಿ ಕೇಳಿಸಿದ್ರೆ ಹೆದರ್ಕೊಂಡು ಸಣ್ಣ ಮಾಡ್ತೀಯಂತೆ, ಕಡಿಮೆ ಕೇಳಿಸಿದ್ರೆ ಎದೆ ಬಿಚ್ಚಿ ಹಾಡ್ತೀಯಂತೆ, ಅವನೇ ಹೇಳಿದ್ದ — ಗೊತ್ತಿರಲಿಲ್ವಾ ನಿನಗೆ? ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಗೊತ್ತಿರಲಿಲ್ಲ. ಎರಡು ಬೆರಳು, ಹೆಬ್ಬೆರಳು ಮತ್ತು ತೋರುಬೆರಳು, ತೋರುಬೆರಳಿನ ಉಗುರಲ್ಲಿ ಬೆಸುಗೆ ಹಾಕುವಾಗ ಸುಟ್ಟ ಕಪ್ಪು ಚುಕ್ಕೆ, ಅಷ್ಟು ವೇದಿಕೆ, ಅಷ್ಟು ಊರು, ಪ್ರತಿ ಸಲವೂ ಹಾಯೆನಿಸಿದ್ದು ಏರಿಸಿದ್ದಕ್ಕಲ್ಲ, ಏರಿಸಿದೆ ಅಂದದ್ದಕ್ಕೆ, ನಗು ಬರಬೇಕಿತ್ತು, ಬೇರೆ ಯಾರದೋ ಗಂಡನ ಸುದ್ದಿಯಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅಜ್ಜಿಯ ಕಥೆಯೊಂದರಲ್ಲಿ ರಾಜಕುಮಾರಿಗೆ ತನ್ನ ದನಿ ತನಗೇ ಕೇಳಿಸದ ಶಾಪ, ಪಟ್ಟಣವೆಲ್ಲ ಕೇಳಿ ತಲೆದೂಗುತ್ತದೆ, ಅವಳಿಗೆ ಮಾತ್ರ ನಿಶ್ಶಬ್ದ, ಎಲ್ಲಿಂದಲೋ ಬಂದವನೊಬ್ಬ ಅವಳು ಹಾಡಿದ್ದನ್ನು ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ನೀನು ಹೀಗೆ ಹಾಡಿದೆ, ಹೀಗೆ, ಆಮೇಲೇನಾಯ್ತಜ್ಜೀ, ಆಮೇಲೇನು, ಅವನನ್ನೇ ಮದುವೆಯಾದಳು, ಅವರು ಅಲ್ಲಿ ಚೆನ್ನಾಗಿದ್ದಾರೆ ನಾವು ಇಲ್ಲಿ ಹೀಗಿದ್ದೀವಿ, ಮಲಕ್ಕೋ, ಅವಳು ಮಲಗಿದಳು, ಪಿಸುಗುಟ್ಟುವವನು ಎಲ್ಲವನ್ನೂ ಹೇಳುತ್ತಿದ್ದನೋ ಆರಿಸಿ ಹೇಳುತ್ತಿದ್ದನೋ ಎಂದು ಕೇಳಲಿಲ್ಲ, ದೊಡ್ಡವಳಾಗಿ ಮದುವೆಯಾದ ಮೇಲೂ ಕೇಳಲಿಲ್ಲ, ಕೊಳಾಯಿ ಸೋರ್ತಿದೆ ರೀ, ಹೂಂ ಆಯ್ತು, ಮೇಲಿನ ಮನೆಯವರಿಗೆ ಹೇಳಿದ್ರಾ, ಹೂಂ ಹೇಳಿದೆ, ತಲೆಯಾಡಿಸುವನು, ಅವಳಿಗೆ ಹಾಯೆನಿಸುವುದು, ಕೊಳಾಯಿ ಸೋರುತ್ತಲೇ ಇರುವುದು, ಅದೇನು ದೊಡ್ಡ ವಿಷಯ, ಸೋರಿದರೆ ಬಕೆಟ್ಟು, ಆದರೆ ಆವತ್ತು ಚಿಕ್ಕಮ್ಮನ ಫೋನು ಬಂದದ್ದು ಅವನಿಗೆ, ಅವಳು ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು, ಯಾರ ಫೋನು, ನಿಮ್ಮ ಚಿಕ್ಕಮ್ಮಂದು, ಅಮ್ಮಂಗೆ ಸ್ವಲ್ಪ ಜ್ವರ ಅಂತೆ, ಸ್ವಲ್ಪಾನಾ, ಹೂಂ ಸ್ವಲ್ಪ, ಬೆಳಿಗ್ಗೆ ಬಸ್ಸಿಗೆ ಟಿಕೆಟ್ ಮಾಡಿಸ್ತೀನಿ, ಇಬ್ಬರೂ ಹೋಗಿಬರೋಣ, ಈಗ ಹಾಡು, ತಲೆಯಾಡಿಸಿದ, ಅವಳಿಗೆ ಹಾಯೆನಿಸಿತು, ಅಷ್ಟು ಚೆನ್ನಾಗಿ ಅದಕ್ಕೆ ಮೊದಲು ಯಾವತ್ತೂ ಹಾಡಿರಲಿಲ್ಲ, ಜನ ಎದ್ದು ನಿಂತರು, ಬೆಳಿಗ್ಗೆ ಹೋದಾಗ ಅಂಗಳದಲ್ಲಿ ಚಪ್ಪಲಿಗಳ ರಾಶಿ, ಒಳಗೆ ಅಮ್ಮನ ಮಂಚ ಖಾಲಿ, ಮಂಚದ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ, ದಿಂಬಿನ ಹತ್ತಿರಕ್ಕೆ ಎಳೆದಿಟ್ಟದ್ದು, ಅಷ್ಟು ಜನ ನೆಂಟರು ಗೋಡೆಗೆ ಒರಗಿ ನಿಂತಿದ್ದರು, ನೆಲದ ಮೇಲೆ ಕೂತಿದ್ದರು, ಆ ಕುರ್ಚಿಯಲ್ಲಿ ಯಾರೂ ಇಲ್ಲ, ಚಿಕ್ಕಮ್ಮ ಮೂಗು ಒರೆಸಿಕೊಂಡು, ನೀನು ಬಂದು ಕೂತ್ಕೊಳ್ತೀಯ ಅಂತ ನಿಮ್ಮಮ್ಮ ಹಾಕಿಸಿದ್ದಳು ಕಣೇ, ನನ್ನನ್ನೂ ಕೂರೋಕೆ ಬಿಡಲಿಲ್ಲ, ಅವಳು ಬರ್ತಾಳೆ ಏಳು ಅಂತ ಎಬ್ಬಿಸಿದಳು, ಫೋನಲ್ಲಿ ಅಷ್ಟು ಹೇಳಿದೆನಲ್ಲ ನಿನ್ನ ಗಂಡನಿಗೆ, ಉಳಿಯಲ್ಲ, ಈಗಲೇ ಹೊರಡಿ ಅಂತ — ನಿನಗೆ ಗೊತ್ತಾಗಿದ್ರೆ ಹಾಡೋಕೆ ಆಗ್ತಿತ್ತಾ, ಎಂದ ಅವನು ಆಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿಜವಾಗಿ ಅರ್ಥವಾಗದವನ ಹಾಗೆ, ನೀನು ಕುಸಿದುಹೋಗ್ತಿದ್ದೆ, ರಾತ್ರಿ ಬಸ್ಸೂ ಇರಲಿಲ್ಲ, ನಿನಗೆ ಒಂದು ರಾತ್ರಿ ನೆಮ್ಮದಿ ಇರಲಿ ಅಂತ, ನೆಮ್ಮದಿ ನನ್ನದು ಕಣೋ, ಕುಸಿಯೋದೂ ನನ್ನದು, ನೀನ್ಯಾರು ಅಳೆದು ಕೊಡೋಕೆ, ಕಾರು ಮಾಡ್ಕೊಂಡು ಹೋಗ್ತಿದ್ದೆ, ನಡ್ಕೊಂಡು ಹೋಗ್ತಿದ್ದೆ, ಮೊದಲ ಸಲ ಅವನನ್ನು ಏಕವಚನದಲ್ಲಿ ಬೈದದ್ದು, ಕೊನೆಯ ಸಲವೂ ಅದೇ.

ಮೇಡಂ, ಏನು ಮಾಡ್ಲಿ, ಇಳಿಸ್ಲಾ, ಎಂದು ಸ್ವೆಟರಿನವಳು ಕೇಳುತ್ತಿದ್ದಾಳೆ, ಹೂಂ ಇಳಿಸಿ, ಎಷ್ಟು, ಗೊತ್ತಿಲ್ಲ ಅಕ್ಕಾ, ಎಷ್ಟು ಅಂತ ಅವನಿಗೆ ಗೊತ್ತಿತ್ತು, ಅವನು ಯಾರಿಗೂ ಹೇಳಲಿಲ್ಲ, ಅದು ಅವನ ಬೆರಳಲ್ಲೇ ಇತ್ತು — ಇದನ್ನು ಹೇಳಿದಳೋ ಅಂದುಕೊಂಡಳೋ, ಆ ಹೆಂಗಸು, ಸರಿ, ಇಬ್ಬರೂ ಸೇರಿ ಹುಡುಕೋಣ, ನೀವು ಹಾಡ್ತಾ ಇರಿ, ನಾನು ಏನು ಮಾಡಿದ್ರೂ ಬಾಯಿಬಿಟ್ಟು ಹೇಳ್ತೀನಿ, ಅಂದಳು, ಎಂಥ ಮಾತು, ಬಾಯಿಬಿಟ್ಟು ಹೇಳ್ತೀನಿ, ಮದುವೆಯಲ್ಲಿ ಹೇಳಿಕೊಳ್ಳಬೇಕಾದ ಮಾತು, ಗಡಿಯಾರ ಮೆಲ್ಲಗೆ ತಾಳ ಹಿಡಿದ, ಬೇಸಿನವನು ಸೇರಿಕೊಂಡ, ಅವಳು ಹಾಡುತ್ತಾಳೆ, ಸ್ವಲ್ಪ ಇಳಿಸಿದೆ, ಇನ್ನೂ ಸ್ವಲ್ಪ ಇಳಿಸಿದೆ, ಈಗ ಕೀಬೋರ್ಡು ಒಂಚೂರು ಹಿಂದೆ ಹಾಕಿದೆ, ಈಗ ಮತ್ತೆ ನಿಮ್ಮ ದನಿ, ಇಳಿಸಿದೆ, ದನಿ ಮುಖದಿಂದ ಎದೆಗೆ, ಎದೆಯಿಂದ ಮೊಣಕಾಲಿಗೆ ಇಳಿದು ಹೋಗುತ್ತದೆ, ಮತ್ತು ಅಲ್ಲಿ, ಒಂದು ಕೂದಲೆಳೆ ಕಡಿಮೆಯಾದ ಆ ಜಾಗದಲ್ಲಿ, ಗಂಟಲು ಫಕ್ಕನೆ ತೆರೆದುಕೊಳ್ಳುತ್ತದೆ, ಬಾಗಿಲು ಒಳಗಿನಿಂದ ಯಾರೋ ತೆಗೆದ ಹಾಗೆ, ಮೇಲಿನ ಸ್ವರ ಅಲುಗಾಡದೆ ನಿಂತಿತು, ಹಿಂದಿನ ಗೋಡೆಯೂ ಈಗ ಸರಿಯಾಗಿ ಮಾತಾಡುತ್ತಿದೆ, ಕೀಬೋರ್ಡಿನವನು ಆಹಾ ಅಂದ, ಗಡಿಯಾರ ಕಣ್ಣು ಮುಚ್ಚಿಕೊಂಡ, ಇದೇ, ಇದೇ ಅವನ ಅಳತೆ, ಹತ್ತಿರ ಅವನಿಲ್ಲದೆಯೂ ಅವನು ಅವಳನ್ನು ಎಲ್ಲಿ ನಿಲ್ಲಿಸುತ್ತಿದ್ದನೋ ಅಲ್ಲಿಗೇ ಬಂದು ನಿಂತಿದ್ದಾಳೆ, ಸರಿಯಾಗಿಯೇ ಅಳೆದಿದ್ದ ಕಳ್ಳ, ಅವಳ ಗಂಟಲನ್ನು ಅವಳಿಗಿಂತ ಚೆನ್ನಾಗಿ ಬಲ್ಲವನು, ಇವತ್ತು ಸಂಜೆ ಹೀಗೇ ಹಾಡಿದರೆ ಜನ ಏಳುತ್ತಾರೆ, ಆವತ್ತು ಎದ್ದ ಹಾಗೆ, ಆವತ್ತೂ ಹೀಗೇ ತೆರೆದಿತ್ತು ಗಂಟಲು, ಇಷ್ಟೇ ಹಾಯಾಗಿ, ಅವಳು ಈ ಸ್ವರವನ್ನು ಹಿಡಿದು ನಿಂತಿದ್ದಾಗ ಅಲ್ಲಿ ಅಮ್ಮ ಚಿಕ್ಕಮ್ಮನನ್ನು ಎಬ್ಬಿಸುತ್ತಿದ್ದಳು, ಏಳು, ಅವಳು ಬರ್ತಾಳೆ, ಕುರ್ಚಿ ಖಾಲಿ ಮಾಡು.

ಸ್ವರ ಬಿಟ್ಟುಬಿಟ್ಟಳು. ತಾಳ ಎರಡು ಪೆಟ್ಟು ಮುಂದೆ ಹೋಗಿ ನಿಂತಿತು. ಯಾಕೆ ಮೇಡಂ, ಸರಿಯಾಗಿತ್ತಲ್ಲ, ತುಂಬ ಚೆನ್ನಾಗಿ ಬಂತಲ್ಲ. ಬಂತು ಅಕ್ಕಾ. ಏರಿಸಿ. ಏನು ಏರಿಸ್ಲಿ? ನನ್ನ ದನಿ, ಆಗ ಕಿರುಚೋಕೆ ಮುಂಚೆ ಎಷ್ಟಿತ್ತೋ ಅಷ್ಟು. ಏಯ್, ಅಂದ ಗಡಿಯಾರ ಹಿಂದಿನಿಂದ, ಸಂಜೆ ಹಾಡು ಕೆಡುತ್ತೆ ನೋಡು, ಮೊದಲನೇ ಸಲ ಅವನಿಲ್ದೆ ನಿಲ್ತಿದ್ದೀಯ. ಕೆಡಲಿ ಬಿಡೋ, ಕೆಟ್ಟಿದ್ದು ನನಗೆ ಮೊದಲು ಕೇಳಿಸ್ಲಿ. ಸ್ವೆಟರಿನವಳು ಗುಂಡಿ ತಿರುಗಿಸಿದಳು, ಏರಿಸಿದೆ, ಅಂದಳು, ಇನ್ನೂ ಏರಿಸಿದೆ, ಪೆಟ್ಟಿಗೆಯನ್ನು ಒಂದು ಗೇಣು ತಿರುಗಿಸಿ ಬಂದೆ, ಇನ್ನು ಕಿರುಚಲ್ಲ, ಈಗ ಪೂರ್ತಿ ಇದೆ ನೋಡಿ, ಮತ್ತು ಅವಳು ಮೊದಲ ಸಾಲು ಎತ್ತುತ್ತಾಳೆ, ದನಿ ಮೊಣಕಾಲಿನಿಂದ ಎದ್ದು ಮುಖಕ್ಕೆ ಬರುತ್ತದೆ, ಬೆಕ್ಕು ಮಂಚದ ಕೆಳಗೆ ಸರಿಯಲು ನೋಡುತ್ತದೆ, ಬೇಡ, ಇರು, ಎಲ್ಲಿಗೂ ಹೋಗಬೇಡ, ಬಿರುಕಿದೆ, ಉಸಿರಿನ ಅಂಚು ಹರಿದಿದೆ, ಕೆಳಗಿನ ಸ್ವರದಲ್ಲಿ ಒಂದು ಗೊರಗೊರ, ಇಷ್ಟು ದಿನ ಇದು ಎಲ್ಲಿತ್ತು, ಇದು ತನ್ನದಲ್ಲ, ಇದು — ಫೋನಲ್ಲಿ ಹಲೋ ಅಂದರೆ ಸಾಕು ನೆಂಟರೆಲ್ಲ ಗೊಂದಲಕ್ಕೆ ಬೀಳುತ್ತಿದ್ದರು, ಅಮ್ಮನಾ ಮಗಳಾ, ಯಾರು ಮಾತಾಡ್ತಿರೋದು, ಅಮ್ಮ ಬೇಕೆಂದೇ ಆಟವಾಡಿಸುತ್ತಿದ್ದಳು, ನಾನು ಮಗಳು, ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಆಮೇಲೆ ಮಾಡಿ, ಎಂದು ಫೋನಿಟ್ಟು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವಳು, ಆ ಗೊರಗೊರ, ಅದೇ, ಕಾಲ ಬಳಿಯ ಪೆಟ್ಟಿಗೆಯಿಂದ ಎದ್ದು ಬಂದು ಮುಖಕ್ಕೆ ಉಸಿರು ತಾಗಿಸುತ್ತಿದೆ, ಅಮ್ಮ ಹಾಡುತ್ತಿದ್ದಾಳೆ, ತಾನು ತುಟಿ ಆಡಿಸುತ್ತಿರುವುದು ಅಷ್ಟೇ, ಸ್ವರ ಅರ್ಧಕ್ಕೆ ಅಳ್ಳಾಡುತ್ತದೆ, ಅಳ್ಳಾಡಲಿ, ಇದನ್ನೇ ಅಲ್ಲವೆ ಅವನು ಅವಳಿಗೆ ಕೇಳಿಸಗೊಡದೆ ಇಟ್ಟದ್ದು, ಒಳ್ಳೆಯದಕ್ಕೇ, ಹಾಯಾಗಿರಲಿ ಅಂತಲೇ, ಸಾಕಾ ಮೇಡಂ, ಇಷ್ಟೇ ಇಡ್ಲಾ ಅಥವಾ ಇಳಿಸ್ಲಾ, ಇರಲಿ ಅಕ್ಕಾ, ಅನ್ನಬೇಕು, ಅನ್ನಲು ಹಾಡು ನಿಲ್ಲಿಸಬೇಕು, ಕೈ ಎತ್ತಿ ಅಂಗೈ ಚಪ್ಪಟೆ ಮಾಡಿ ತೋರಿಸುತ್ತಾಳೆ, ಇಲ್ಲೇ, ಇಲ್ಲೇ ಇರಲಿ, ಕೈ ಗಾಳಿಯಲ್ಲೇ ನಿಂತಿದೆ, ಇಳಿಸಲು ಮರೆತುಹೋಗಿದೆ, ಹಳದಿ ದೀಪದ ಹಿಂದೆ ಸಾಲುಗಳು ಕಾಣುವುದಿಲ್ಲ, ಗಡಿಯಾರ ಎಲ್ಲೋ ದೂರದಲ್ಲಿ ತಾಳ ಹಾಕುತ್ತಿದ್ದಾನೆ, ಎರಡನೇ ಸಾಲು ಯಾವುದು, ಎರಡನೇ ಸಾಲು, ಅಮ್ಮನ ದಿಂಬಿನ ಹತ್ತಿರಕ್ಕೆ ಎಳೆದಿಟ್ಟಿದ್ದಾರೆ, ನೀಲಿ ಬಣ್ಣ, ಒಂದು ತೋಳಿನ ಮೇಲೆ ಬಿಸಿಲಿಗೆ ಬಿಳಿಚಿದ ಗೆರೆ, ಬಾಗಿಲ ಕಡೆಗೆ ಸ್ವಲ್ಪ ತಿರುಗಿಸಿ ಇಟ್ಟಿದ್ದಾರೆ, ಬಂದವಳು ಸುತ್ತಿ ಬರದೆ ನೇರ ಕೂರಲಿ ಅಂತ, ಕುರ್ಚಿ, ಯಾರೂ ಕೂರದ ಕುರ್ಚಿ, ಅಲ್ಲೇ, ಹಾಗೇ, ಕುರ್ಚಿ