ಔಷಧಿ ಬರೆಯದ ಡಾಕ್ಟರು

"ಇದಲ್ಲ, ಇದೂ ಅಲ್ಲ," ಎನ್ನುತ್ತ ತಂಗಿ ಬೀರುವಿನಿಂದ ಬಟ್ಟೆಗಳನ್ನು ಎಳೆದೆಳೆದು ಹಾಸಿಗೆಯ ಮೇಲೆ ಹಾಕುತ್ತಿದ್ದಳು. ಅಕ್ಕನಿಗೆ ಕೊನೆಯ ಸಲ ತೊಡಿಸಲು ಒಂದಾದರೂ ಒಳ್ಳೆಯದು ಬೇಕಿತ್ತು. ಮೂವತ್ತು ವರ್ಷ ಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಪ್ರೊಫೆಸರ್ ಆಗಿದ್ದವಳ ಬೀರುವಿನಲ್ಲಿ ಇದ್ದದ್ದೆಲ್ಲ ತೊಳೆದು ತೊಳೆದು ಬಣ್ಣಗೆಟ್ಟಂಥವು.

"ಆ ಬೂದು ಬಣ್ಣದ್ದು ಕೊಡಿ. ಪಾಠಕ್ಕೆ ಅದನ್ನೇ ಹಾಕ್ಕೊಂಡು ಬರೋರು," ಎಂದಳು ಬಾಗಿಲಲ್ಲಿ ನಿಂತಿದ್ದವಳು. ಅಕ್ಕನ ಹಳೆಯ ವಿದ್ಯಾರ್ಥಿನಿ. ಈಗ ಅದೇ ವಿಭಾಗದ ಮುಖ್ಯಸ್ಥೆ.

"ಸೂಜಿ ಚುಚ್ಚಲ್ಲ, ಔಷಧಿ ಬರೆಯಲ್ಲ, ಇದೆಂಥ ಡಾಕ್ಟರು ಅಂತ ನಮ್ಮನೆಯವರು ತಮಾಷೆ ಮಾಡ್ತಿದ್ರು," ಎಂದಳು ತಂಗಿ. "ಕೇಳಿದ್ರೆ, 'ರೋಗ ಎಲ್ಲಿಂದ ಬಂತು ಅಂತ ಹುಡುಕ್ತೀನಿ ಕಣೇ' ಅನ್ನೋಳು. ನನ್ನ ಮಗಳ ಮದುವೆ ದಿನವೂ ಹುಡುಕೋಕೇ ಹೋಗಿದ್ಲು, ಮಹಾತಾಯಿ."

"ಆವತ್ತು ನಾನೂ ಜೊತೆಗಿದ್ದೆ," ಎಂದಳು ಮುಖ್ಯಸ್ಥೆ.

*

ಆ ಮದುವೆಗೂ ಎರಡು ವರ್ಷ ಮುಂಚೆ ಈ ಮುಖ್ಯಸ್ಥೆ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದಳು. ಪಿಎಚ್.ಡಿ. ಪ್ರವೇಶಕ್ಕೆ ಬೇಕಾದ ಅಂಕ ಇತ್ತು, ಇಬ್ಬರ ಶಿಫಾರಸು ಪತ್ರ ಇತ್ತು. ಸಂಖ್ಯಾಶಾಸ್ತ್ರ ಮಾತ್ರ ಓದಿರಲಿಲ್ಲ. ಸಂದರ್ಶನದಲ್ಲಿ ಸಮಿತಿಯವರು ಅವಳ ಅರ್ಜಿಯನ್ನು ಆಗಲೇ ಪಕ್ಕಕ್ಕೆ ಸರಿಸಿದ್ದರು.

"ವಾಂತಿಭೇದಿ ಆಗಿ ನಿಮ್ಮ ವಾರ್ಡಿಗೆ ಎಷ್ಟು ಮಕ್ಕಳು ಬರ್ತಾರೆ?" ಎಂದು ಪ್ರೊಫೆಸರ್ ಕೇಳಿದರು.

"ಹೋದ ತಿಂಗಳು ನಲವತ್ತೊಂದು, ಮೇಡಂ. ಮೂವತ್ಮೂರು ಮಕ್ಕಳು ಒಂದೇ ಓಣಿಯವರು. ವಿಳಾಸ ಬರೆದಿಟ್ಟಿದ್ದೀನಿ."

"ಯಾರು ಹೇಳಿದ್ರು ಬರೆಯೋಕೆ?"

"ಯಾರೂ ಹೇಳ್ಲಿಲ್ಲ."

ಪ್ರೊಫೆಸರ್ ಕನ್ನಡಕ ತೆಗೆದರು. "ನಿಯಮ ಮುರಿಯೋಕೆ ನನ್ನ ಕೈಲಾಗಲ್ಲ. ನಾಳೆಯಿಂದ ಮಧ್ಯಾಹ್ನ ಬಾ, ಸಂಖ್ಯಾಶಾಸ್ತ್ರ ನಾನೇ ಕಲಿಸ್ತೀನಿ. ಪರೀಕ್ಷೆ ಬರಿ. ಮುಂದಿನ ವರ್ಷ ಯಾರು ಬೇಡ ಅಂತಾರೋ ನೋಡೇಬಿಡೋಣ."

ಯಾರೂ ಬೇಡ ಎನ್ನಲಿಲ್ಲ. ಆಮೇಲೆ ಇಬ್ಬರೂ ಆ ಓಣಿಯ ಮನೆಮನೆ ಹತ್ತಿಳಿದರು. ಮದುವೆಯ ಬೆಳಿಗ್ಗೆ ಪ್ರೊಫೆಸರ್ ಹೊಸ ಬಟ್ಟೆ ತೊಟ್ಟು ಹೊರಟಿದ್ದಾಗ, ಓಣಿಯಲ್ಲಿ ಏಳು ಮಕ್ಕಳು ಒಟ್ಟಿಗೆ ಹಾಸಿಗೆ ಹಿಡಿದ ಸುದ್ದಿ ಬಂತು. ಅದೇ ಬಟ್ಟೆಯಲ್ಲಿ ಹೋಗಿ ಖುದ್ದು ನಿಂತು ರಸ್ತೆ ಅಗೆಸಿದರು. ಸಂಜೆಯ ಹೊತ್ತಿಗೆ ಮೊಣಕಾಲಾಳದ ಗುಂಡಿಯಲ್ಲಿ ಸಿಕ್ಕಿತು: ಬಿರುಕುಬಿಟ್ಟ ನೀರಿನ ಕೊಳವೆ, ಅದರೊಳಕ್ಕೆ ಇಳಿಯುತ್ತಿದ್ದ ಚರಂಡಿ ನೀರು.

*

ಸ್ಮಶಾನ ಆ ಓಣಿಯ ತುದಿಗೇ ಇತ್ತು. ದಾರಿಯಲ್ಲಿ ಮುಖ್ಯಸ್ಥೆ ಆ ದಿನದ ಕಥೆಯನ್ನೆಲ್ಲ ತಂಗಿಗೆ ಹೇಳಿದ್ದಳು. ಮಣ್ಣು ಹಾಕಿ ಹೊರಬಂದಾಗ ತಂಗಿಯ ಗಂಟಲು ಒಣಗಿತ್ತು.

"ಆ ಮಕ್ಕಳ ವಿಷಯ ನನಗೊಂದು ಮಾತು ಹೇಳಬಹುದಿತ್ತಲ್ಲ ಅವಳು?"

"ಮದುವೆಯ ಮಾರನೇ ದಿನ ನಿಮ್ಮನೆಗೆ ಬಂದಿದ್ರು. ನಾನು ಗೇಟಿನ ಹತ್ತಿರ ಕಾಯ್ತಿದ್ದೆ," ಎಂದಳು ಮುಖ್ಯಸ್ಥೆ ಮೆಲ್ಲಗೆ. "ನೀವು ಬಾಗಿಲು ತೆಗೀಲಿಲ್ಲ."

ತಂಗಿ ಓಣಿಯತ್ತ ಹೆಜ್ಜೆ ಹಾಕಿದಳು. ಓಣಿಯ ಮೊದಲ ಮನೆಯಿಂದ ಹೆಂಗಸೊಬ್ಬಳು ಹೊರಗೆ ಬಂದಳು.

"ಪ್ರೊಫೆಸರಮ್ಮನ ತಂಗೀನಾ? ಮುಖ ಅವರ ಹಾಗೇ ಇದೆ. ಬನ್ನಿ, ಕೂತ್ಕೊಳ್ಳಿ. ಆ ಏಳು ಮಕ್ಕಳಲ್ಲಿ ನಮ್ಮವಳೂ ಒಬ್ಬಳು." ಹಿಂದೆ ನಿಂತಿದ್ದ ಎತ್ತರದ ಮಗಳನ್ನು ತೋರಿಸಿದಳು.

ಆ ಮಗಳು ಅಂಗಳದ ನಲ್ಲಿ ತಿರುಗಿಸಿ, ಲೋಟ ತುಂಬಿಸಿ ತಂದುಕೊಟ್ಟಳು. ತಂಗಿ ನೀರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಇನ್ನೊಮ್ಮೆ ಮುಂದೆ ಹಿಡಿದಳು.