ಫೈನಲ್ ಒತ್ತಿದ ಮೇಲೆ

ಬಸ್ಸು ಬ್ರೇಕಿಗೆ ಮುಗ್ಗರಿಸಿದಾಗ ಹಿಂದಿನ ಸೀಟುಗಳ ಹುಡುಗಿಯರ ನಗೆಯೂ ಮುಗ್ಗರಿಸಿ ಎದ್ದಿತು, ಅದರಲ್ಲಿ ರಂಜಿತಳ ನಗೆ ಯಾವುದೆಂದು ಪಿ.ಟಿ. ಮೇಷ್ಟ್ರು ಮರಿಸಿದ್ದಯ್ಯನವರ ಕಿವಿ ಹುಡುಕುತ್ತಿದೆ, ಬೇಡವೆಂದಷ್ಟೂ ಹುಡುಕುತ್ತಿದೆ — ಮದ್ದೂರು ಹಿಂದಾಯಿತು, ಇನ್ನು ಮಂಡ್ಯ, ಅಲ್ಲಿ ಜಿಲ್ಲಾ ಪಂದ್ಯದ ಮೈದಾನದ ಬಾಗಿಲಲ್ಲಿ ಕಂಪ್ಯೂಟರ್ ಪರದೆ ನೋಡಿ ಹೆಸರು ಕೂಗುತ್ತಾರೆ, ಮಳವಳ್ಳಿಯ ಕಬಡ್ಡಿ ತಂಡದಲ್ಲಿ ರಂಜಿತಳ ಹೆಸರಿಲ್ಲ, ಈ ಬಸ್ಸಿನಲ್ಲಿ ಅದು ಗೊತ್ತಿರುವುದು ತಮಗೊಬ್ಬರಿಗೇ. ಕ್ರೀಡಾ ಹಾಸ್ಟೆಲ್ಲಿಗೆ ಆರಿಸುವವರು ಇವತ್ತೇ ಬರುವುದು, ಬರುವ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ನೆನ್ನೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ತಂಡದ ಹೆಸರು ತುಂಬಲು ಕೂತಾಗ ವೀಣ ಮೇಡಂ ಕುರ್ಚಿ ಎಳೆದುಕೊಂಡು ಬಂದಿದ್ದರು, ನಾನ್ ಮಾಡ್ಕೊಡ್ತೀನಿ ಬುಡಿ ಸಾರ್, ಬಾಗಿಲಲ್ಲಿ ನಿಂತ ಚಲುವರಾಜು ಮೇಷ್ಟ್ರು, ವಿಸಿಲ್ ಊದೋರ್ ಕೈಗೆ ಮೌಸ್ ಕೊಟ್ರೆ ಇಲಿ ಬೋನು ಉಡುಕ್ತಾರೆ ಕಣಮ್ಮ, ಆ ಮಾತಿಗೆ ಬೆನ್ನು ನೆಟ್ಟಗಾಗಿ, ಬೇಡ ಮೇಡಂ, ನಾನೇ ಮಾಡ್ತೀನಿ. ಒಂದೊಂದೇ ಅಕ್ಷರ, ಒಂದೊಂದೇ ಹುಡುಗಿ, ರಂಜಿತಳದು ಮಾತ್ರ ಕೊನೆಗೆ, ಅವಳದೊಂದು ಒಳ್ಳೆಯ ಫೋಟೋ ಹುಡುಕಿ ಹಾಕೋಣವೆಂದು — ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ನೀಲಿಯಾಗಿ ಫೈನಲ್ ಎಂದಿತ್ತು, ತಾಲ್ಲೂಕಿನಲ್ಲಿ ಫೈನಲ್ ಗೆದ್ದ ತಂಡವಲ್ಲವೇ ನಮ್ಮದು, ಅದನ್ನೇ ಕೇಳುತ್ತಿದೆ ಎಂದುಕೊಂಡರು, ಒತ್ತಿದರು. ಎಷ್ಟು ಹೆಮ್ಮೆಯಿಂದ ಒತ್ತಿದರು. ಬೀಗ ಬಿದ್ದ ಹಾಗೆ ಎಲ್ಲ ಬೂದಿಬಣ್ಣವಾಯಿತು. ಆಮೇಲೆ ಯಾರದೋ ವಿಷಯವೆಂಬಂತೆ ಕೇಳಿದ್ದಕ್ಕೆ ವೀಣ, ಫೈನಲ್ ಒತ್ಬುಟ್ರೆ ಮುಗೀತು ಸಾರ್, ಇನ್ ತೆಗ್ದು ಯಾರನ್ನೂ ಸೇರ್ಸೋಕಾಗಲ್ಲ, ಯಾಕ್ ಸಾರ್? ಸುಮ್ನೆ ಕೇಳ್ದೆ ಮೇಡಂ.

ಸುಮ್ಮನೆ. ಈಗ ಹೇಳಬೇಕು, ಗೆಜ್ಜಲಗೆರೆ ಬರಲಿ ಹೇಳುತ್ತೇನೆ, ಗೆಜ್ಜಲಗೆರೆ ಬಂತು, ಹೋಯಿತು, ರಂಜಿತಳ ಊರು ಬಂಡೂರಿನಲ್ಲಿ ಅವಳ ಅಜ್ಜಿ ಪಟ್ಟಲಮ್ಮ ಅವತ್ತು ಕುರಿ ಅಟ್ಟಿಕೊಂಡು ಹೋಗುತ್ತ ಹೇಳಿದ್ದು, ಕೂಸ್ನ ನಿಮ್ ಮಡ್ಲಿಗಾಕಿವ್ನಿ ಕಣಪ್ಪ, ಹೋದ ವಾರದ ಅಭ್ಯಾಸದಲ್ಲಿ ಆ ಕೂಸಿನ ಮೇಲೆ ನಾಲ್ವರು ಬಿದ್ದರು, ಸೊಂಟ ಒಬ್ಬಳು, ಮಂಡಿ ಒಬ್ಬಳು, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಕಾಲಿನ ಹೆಬ್ಬೆರಳನ್ನು ನಡುಗೆರೆಯ ಕಡೆಗೆ ಚಾಚಿದಳು, ಸುಣ್ಣದ ಗೆರೆಗೂ ಬೆರಳಿಗೂ ನಡುವೆ ಒಂದು ಎಳೆಯಷ್ಟು ಮಣ್ಣು — ಸಾ, ವಡೆ ತಿನ್ನಿ ಸಾ, ಆಗ್ಲಿಂದ ಒಂದ್ ಮಾತೂ ಆಡಿಲ್ಲ ನೀವು, ಉಸಾರಿಲ್ವಾ? ರಂಜಿತಳ ಕೈ, ಕಾಗದದಲ್ಲಿ ಅರ್ಧ ವಡೆ, ಬಾಯಲ್ಲಿಟ್ಟರೆ ಅದು ಮಣ್ಣು, ಆ ಎಳೆಯಷ್ಟೇ ಮಣ್ಣು. ಹೇಳು, ಈಗ ಹೇಳು, ಮೈದಾನದ ಆ ತುದಿಗೂ ಮುಟ್ಟುತ್ತಿದ್ದ ಗಂಟಲು, ಅದರಿಂದ, ಉಸಾರಾಗಿವ್ನಿ ಕಣಮ್ಮ, ಎಂದಷ್ಟೇ ಬಂತು. ಮಂಡ್ಯ. ಇಳಿದರು, ನಡೆದರು, ಬಾಗಿಲಿನವನು ಕೂಗತೊಡಗಿದ, ಒಬ್ಬೊಬ್ಬಳೂ ಸುಣ್ಣದ ಗೆರೆ ದಾಟಿ ಒಳಗೆ, ದಾಟಿ ಒಳಗೆ, ಅವನು ಪರದೆ ಮುಚ್ಚಿ ಮುಂದಿನ ತಂಡವನ್ನು ಕರೆದ, ಅವಳು ಇನ್ನೂ ನಗುತ್ತಲೇ ತಿರುಗಿದಳು, ಸಾ, ನನ್ ಎಸ್ರು? — ಗೆರೆಯ ಈಚೆಗೆ ಹೆಬ್ಬೆರಳು, ಒಂದು ಎಳೆಯಷ್ಟು ಮಣ್ಣು, ಹೆಬ್ಬೆರಳು, ಮಣ್ಣು, ಹೆಬ್ಬೆರಳು